ನಾಚಿಕೆ ಮುಳ್ಳು

ನೇತ್ರಾವತಿಯ ಬದಿಯ ನಮ್ಮ ಊರುಗಳಲ್ಲಿ, ಮದುವೆಯಾಗಿ ಹೋದ ಹುಡುಗಿ ತಿಂಗಳೊಳಗೆ ತವರಿಗೆ ಮರಳಿ ಬಂದು ಕುಳಿತರೆ ಮೊದಲು ಕೇಳಿಬರುವ ಮಾತು, ‘ಅವಳಿಗೆ ಏನೋ ಸೋಂಕಿದೆ’ ಎಂಬುದು. ಗಂಡ ಹತ್ತಿರ ಬಂದರೆ ನಡುಗುತ್ತಾಳೆ, ಕೋಣೆಯ ದೀಪ ಆರಿಸಲು ಬಿಡುವುದಿಲ್ಲ, ಮೈ ಮರಗಟ್ಟುತ್ತದೆ ಎಂದು ಹೆಂಗಸರು ದನಿ ತಗ್ಗಿಸಿ ಹೇಳಿಕೊಳ್ಳುತ್ತಾರೆ. ಮುಸ್ಲಿಂ ಮನೆಯಾದರೆ ಜಿನ್ನ್ ಎನ್ನುತ್ತಾರೆ, ನೂಲು ಮಂತ್ರಿಸಿ ಕಟ್ಟಿಸುತ್ತಾರೆ, ನೀರು ಊದಿಸಿ ಕುಡಿಸುತ್ತಾರೆ. ನೆರೆಯ ಹಿಂದೂ ಮನೆಯಾದರೆ ಕುಲೆಯ ಉಪದ್ರವ ಎನ್ನುತ್ತಾರೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಬೀಡಿಯ ಗೆರಸೆ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತ ಹೆಂಗಸರು ಇಂಥ ಕಥೆಗಳನ್ನು ಹೇಳುವುದನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಆ ಹುಡುಗಿಗೆ ಮದುವೆಗೆ ಮುಂಚೆ ಯಾರಿಂದಲಾದರೂ ಏನಾದರೂ ಆಗಿತ್ತೇ, ಅಥವಾ ಮದುವೆಯ ಮೊದಲ ರಾತ್ರಿಯೇ ಅವಳ ಮೇಲೆ ಬಲಾತ್ಕಾರ ನಡೆಯಿತೇ ಎಂದು ಮಾತ್ರ ಯಾರೂ ಕೇಳಿದ್ದನ್ನು ನಾವು ಕೇಳಿಲ್ಲ.

ಕೇಳದಿರುವುದಕ್ಕೂ ಒಂದು ಚರಿತ್ರೆ ಇದೆ. ಈ ಲೇಖನ ಆ ಚರಿತ್ರೆಯ ಕುರಿತಾದುದು.

ಸತ್ತವಳು ಮತ್ತು ಬದುಕುಳಿದವಳು

2012ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಿಂದ ಮನೆಗೆ ಮರಳುವ ದಾರಿಯಲ್ಲಿ ಕಾಣೆಯಾದಳು. ಮರುದಿನ ಅವಳ ಶವ ಸಿಕ್ಕಿತು. ಅತ್ಯಾಚಾರ ಮಾಡಿ ಕೊಲ್ಲಲಾಗಿತ್ತು. ಪೊಲೀಸರು, ಸಿಐಡಿ, ಸಿಬಿಐ ಎಂದು ತನಿಖೆ ಕೈಯಿಂದ ಕೈಗೆ ಹೋಯಿತು. 2023ರ ಜೂನ್ 16ರಂದು ಬೆಂಗಳೂರಿನ ನ್ಯಾಯಾಲಯ ಏಕೈಕ ಆರೋಪಿಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಹಾಗಾದರೆ ಅವಳನ್ನು ಕೊಂದವರು ಯಾರು? ಈ ಪ್ರಶ್ನೆ ಹಿಡಿದು ಜನ ಬೀದಿಗಿಳಿದರು. ಇಳಿಯಬೇಕಾದದ್ದೇ.

ಆದರೆ ಇನ್ನೊಂದು ಪ್ರಶ್ನೆಯೂ ಇದೆ. ಸತ್ತವಳಿಗಾಗಿ ಮೆರವಣಿಗೆ ಹೊರಡುತ್ತದೆ, ಮೇಣದ ಬತ್ತಿ ಉರಿಯುತ್ತದೆ. ಬದುಕುಳಿದವಳಿಗೆ? ಅವಳು ಬೆಳಗ್ಗೆ ಎದ್ದು ಕಾಲೇಜಿಗೆ ಹೋಗುತ್ತಾಳೆ, ಎಲೆ ಕತ್ತರಿಸುತ್ತಾಳೆ, ಗೋಡಂಬಿ ಕಾರ್ಖಾನೆಯ ಬಸ್ಸು ಹಿಡಿಯುತ್ತಾಳೆ. ಒಂದು ದಿನ ಅವಳಿಗೆ ಮದುವೆಯೂ ಆಗುತ್ತದೆ. ಆ ನಂತರ ಮುಚ್ಚಿದ ಬಾಗಿಲಿನ ಹಿಂದೆ ಅವಳ ದೇಹ ಏನನ್ನು ನೆನಪಿಸಿಕೊಳ್ಳುತ್ತದೆ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನ ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ. ಎಂದರೆ ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. ದೂರು ಕೊಟ್ಟವರ ಲೆಕ್ಕವೇ ಹೀಗಿರುವಾಗ ಬಾಯಿ ಬಿಡದವರ ಲೆಕ್ಕ ಹಿಡಿಯುವವರು ಯಾರು?

ಘಟ್ಟದ ಮೇಲೆ, ಘಟ್ಟದ ಕೆಳಗೆ

ಹೆಣ್ಣಿನ ದೇಹಕ್ಕೆ ಆಗುವ ಗಾಯವನ್ನು ನಮ್ಮ ಕಾನೂನು ಮೊದಲು ಅಳೆದದ್ದು ವಯಸ್ಸಿನ ಕೋಲಿನಿಂದ. 1860ರ ಭಾರತೀಯ ದಂಡ ಸಂಹಿತೆಯ ಪ್ರಕಾರ ಹೆಂಡತಿಗೆ 10 ವರ್ಷ ತುಂಬಿದ್ದರೆ ಗಂಡ ಏನು ಮಾಡಿದರೂ ಅದು ಅತ್ಯಾಚಾರವಲ್ಲ. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಬಾಲಕಿಯ ಪ್ರಕರಣ ವಿಚಾರಣೆಗೆ ಬಂತು. ಹತ್ತು ದಾಟಿದ್ದ ಆ ಮಗು ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಸತ್ತಿದ್ದಳು. ಗಂಡನಿಗೆ ಆದ ಶಿಕ್ಷೆ ಒಂದು ವರ್ಷ. ಅದೂ ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ್ದಕ್ಕೆ! ಈ ಸಾವು ಎಬ್ಬಿಸಿದ ಗದ್ದಲದಲ್ಲಿ 1891ರ ಕಾಯ್ದೆ ಬಂತು, ಹತ್ತು ಹನ್ನೆರಡಾಯಿತು.

ಘಟ್ಟದ ಮೇಲಿನ ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಶಾಸನ ಮಾಡಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯಿತು. ಘಟ್ಟದ ಕೆಳಗಿನ ನಾವು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದವರು. ಮೈಸೂರಿನ ಶಾಸನ ನಮ್ಮನ್ನು ಮುಟ್ಟಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೊಂದು ಕಾನೂನು ಬರಲು 1929ರ ಶಾರದಾ ಕಾಯ್ದೆಯವರೆಗೆ ಕಾಯಬೇಕಾಯಿತು. ಅದು ನಿಗದಿಪಡಿಸಿದ ವಯಸ್ಸು 14.

ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಒಂದು ಬಾಗಿಲು ತೆರೆಯಿತು. 15 ತುಂಬುವ ಮುಂಚೆ ಹಿರಿಯರು ಮಾಡಿಸಿದ ನಿಕಾಹನ್ನು ಹುಡುಗಿ 18 ತುಂಬುವುದರೊಳಗೆ ನಿರಾಕರಿಸಬಹುದು. ಶರೀಅತ್‌ನಲ್ಲಿ ಖಿಯಾರುಲ್ ಬುಲೂಗ್ ಎಂದು ಮೊದಲಿನಿಂದಲೂ ಇದ್ದ ಹಕ್ಕೇ ಇದು. ಆದರೆ ಕಾಯ್ದೆ ಒಂದು ಷರತ್ತು ಇಟ್ಟಿತು: ಗಂಡ ಹೆಂಡಿರ ಸಂಗಮ ಆಗಿರಬಾರದು. ಆ ಸಂಗಮ ಅವಳ ಒಪ್ಪಿಗೆಯಿಂದ ಆಯಿತೋ, ಬಾಯಿ ಮುಚ್ಚಿಸಿ ಆಯಿತೋ ಎಂಬ ಮಾತು ಆ ಷರತ್ತಿನಲ್ಲಿ ಇಲ್ಲ. ಅದನ್ನು ಅಕ್ಷರಕ್ಕೆ ಅಕ್ಷರ ಓದಿದರೆ, ಹುಡುಗಿಗೆ ಬಾಗಿಲಿನಿಂದ ಹೊರಬರುವ ಅಗತ್ಯ ಯಾವ ರಾತ್ರಿ ಹುಟ್ಟಿತೋ ಅದೇ ರಾತ್ರಿ ಬಾಗಿಲೂ ಮುಚ್ಚಿಹೋಗುತ್ತದೆ.

ಈ ಎಲ್ಲ ಕಾನೂನುಗಳೂ ಒಳ್ಳೆಯ ಉದ್ದೇಶದವೇ. ಆದರೂ ಅವು ಕೇಳಿದ್ದು ವಯಸ್ಸೆಷ್ಟು, ಸಂಗಮವಾಗಿದೆಯೇ ಎಂಬ ಎರಡೇ ಪ್ರಶ್ನೆಗಳನ್ನು. ನಿನಗೆ ಇಷ್ಟವಿತ್ತೇ, ಈಗ ಹೇಗಿದ್ದೀಯ ಎಂದು ಅವು ಕೇಳಲಿಲ್ಲ.

ಲಾಜವಂತಿ ಮರಳಿ ಬಂದಾಗ

ಆ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ನಮ್ಮ ಉರ್ದು ಕಥೆಗಾರರು ಇದ್ದರು ಎಂದು ಹೇಳಲು ನಮಗೆ ಹೆಮ್ಮೆ. 1947ರ ದೇಶ ವಿಭಜನೆಯಲ್ಲಿ ಅಪಹರಣಕ್ಕೊಳಗಾದ ಹೆಣ್ಣುಮಕ್ಕಳ ಅಧಿಕೃತ ಅಂದಾಜು ಭಾರತದಲ್ಲಿ 50,000 ಮುಸ್ಲಿಂ ಸ್ತ್ರೀಯರು, ಪಾಕಿಸ್ತಾನದಲ್ಲಿ 33,000 ಹಿಂದೂ ಮತ್ತು ಸಿಖ್ ಸ್ತ್ರೀಯರು. ಅವರನ್ನು ಹುಡುಕಿ ಮರಳಿಸಲು ಭಾರತ 1949ರಲ್ಲಿ ಕಾಯ್ದೆಯನ್ನೇ ಮಾಡಿತು. ಮೃದುಲಾ ಸಾರಾಭಾಯಿಯಂಥವರು ಹಗಲಿರುಳು ದುಡಿದರು. ಆದರೆ ಆ ಕಾಯ್ದೆಯಡಿ ಮರಳಲು ಹೆಣ್ಣಿನ ಒಪ್ಪಿಗೆ ಬೇಕಿರಲಿಲ್ಲ. ಅಪಹರಿಸುವಾಗಲೂ ಕೇಳಲಿಲ್ಲ, ಮರಳಿಸುವಾಗಲೂ ಕೇಳಲಿಲ್ಲ.

ಸಾದತ್ ಹಸನ್ ಮಂಟೋ ಅವರ ‘ಖೋಲ್ ದೋ’ ಕಥೆಯಲ್ಲಿ ಅರೆಜೀವವಾದ ಸಕೀನಾ ವೈದ್ಯರ ಕೋಣೆಯಲ್ಲಿ ಮಲಗಿದ್ದಾಳೆ. ವೈದ್ಯ ಹೇಳಿದ್ದು ಕಿಟಕಿಯ ಬಗ್ಗೆ. ಅವಳ ಸತ್ತ ಕೈಗಳು ಬೇರೆಯೇ ಅರ್ಥ ಮಾಡಿಕೊಂಡು ಪಾಲಿಸುತ್ತವೆ. ಮನಸ್ಸು ಇಲ್ಲದಿರುವಾಗಲೂ ದೇಹ ತಾನು ಕಲಿತ ಭಯವನ್ನು ಒಪ್ಪಿಸುತ್ತದೆ ಎಂಬುದನ್ನು ಮನೋವೈದ್ಯರು ಹೆಸರಿಡುವ ಮುಂಚೆಯೇ ಮಂಟೋ ಕಂಡಿದ್ದರು. ಆ ಕಥೆ ಅಚ್ಚಾದದ್ದಕ್ಕೆ ‘ನುಕೂಶ್’ ಪತ್ರಿಕೆಯನ್ನೇ ಆರು ತಿಂಗಳು ನಿಲ್ಲಿಸಲಾಯಿತು.

ರಾಜಿಂದರ್ ಸಿಂಗ್ ಬೇದಿಯವರ ‘ಲಾಜವಂತಿ’ ಇನ್ನೂ ಒಳಗೆ ಹೋಗುತ್ತದೆ. ಗಂಡ ಸುಂದರಲಾಲ್ ಹಿಂದೆ ಹೆಂಡತಿಯನ್ನು ಹೊಡೆಯುತ್ತಿದ್ದವನು. ಅವಳು ಅಪಹರಣಕ್ಕೊಳಗಾದ ಮೇಲೆ, ಮರಳಿದ ಹೆಣ್ಣುಮಕ್ಕಳನ್ನು ಹೃದಯದಲ್ಲಿ ನೆಲೆಗೊಳಿಸಿ ಎಂದು ಓಣಿ ಓಣಿಯಲ್ಲಿ ಸಾರುತ್ತಾನೆ. ಲಾಜೋ ಮರಳುತ್ತಾಳೆ. ಅವನು ಹೊಡೆಯುವುದಿಲ್ಲ, ಬೈಯುವುದಿಲ್ಲ, ‘ದೇವಿ’ ಎಂದು ಕರೆಯುತ್ತಾನೆ. ಅವಳು ಆದದ್ದನ್ನು ಹೇಳಲು ಹೊರಟರೆ ತಡೆಯುತ್ತಾನೆ. ಅವಳಿಗೆ ಬೇಕಿದ್ದದ್ದು ಹಳೆಯ ಲಾಜೋ ಆಗುವುದು. ಅವಳು ಮತ್ತೆಂದೂ ಅವನ ಹೆಂಡತಿಯಾಗಲಿಲ್ಲ, ಗೂಡಿನಲ್ಲಿಟ್ಟ ಮೂರ್ತಿಯಾದಳು. ಮನೆ ಸಿಕ್ಕಿತು, ಬಾಳು ಸಿಗಲಿಲ್ಲ. ಲಾಜವಂತಿ ಎಂದರೆ ಮುಟ್ಟಿದರೆ ಮುದುಡುವ ಗಿಡ. ನಮ್ಮ ಕಡೆ ಅದನ್ನು ನಾಚಿಕೆ ಮುಳ್ಳು ಎನ್ನುತ್ತೇವೆ.

ಇವತ್ತಿಗೂ ನಮ್ಮಲ್ಲಿ ಒಳ್ಳೆಯ ಗಂಡಂದಿರು ಮಾಡುವ ತಪ್ಪು ಇದೇ. ‘ಹಳೆಯದನ್ನು ಎತ್ತಬೇಡ, ನಾನು ಕ್ಷಮಿಸಿದ್ದೇನೆ’ ಎನ್ನುತ್ತಾರೆ. ಕ್ಷಮಿಸಲು ಅವಳು ಮಾಡಿದ ತಪ್ಪೇನು? ಈ ವಿಷಯದಲ್ಲಿ ನಮ್ಮ ಧರ್ಮದ ನಿಲುವು ಸ್ಪಷ್ಟ. ಬಲಾತ್ಕಾರಕ್ಕೊಳಗಾದವಳ ಮೇಲೆ ಪಾಪವೂ ಇಲ್ಲ, ಶಿಕ್ಷೆಯೂ ಇಲ್ಲ ಎಂಬುದರಲ್ಲಿ ಫಿಕ್ಹ್‌ನ ಪಂಥಗಳಿಗೆ ಭಿನ್ನಾಭಿಪ್ರಾಯವಿಲ್ಲ. ಪ್ರವಾದಿಯವರ(ಸ) ಕಾಲದಲ್ಲಿ ನಮಾಝಿಗೆ ಹೊರಟ ಸ್ತ್ರೀಯೊಬ್ಬಳ ಮೇಲೆ ದಾರಿಯಲ್ಲಿ ಅತ್ಯಾಚಾರವಾದಾಗ ಅವಳ ಮಾತನ್ನು ನಂಬಿ, ಅವಳನ್ನು ನಿರ್ದೋಷಿಯೆಂದು ಕಳುಹಿಸಿಕೊಟ್ಟ ವರದಿ ಹದೀಸ್ ಗ್ರಂಥಗಳಲ್ಲಿದೆ. ಆದರೂ ಮದುವೆ ಮಾತುಕತೆಯಲ್ಲಿ ತಲೆ ತಗ್ಗಿಸಬೇಕಾದವಳು ಅವಳೇ ಎಂದಾದರೆ ಅದು ಧರ್ಮವಲ್ಲ, ನಾವು ಧರ್ಮಕ್ಕೆ ಹೊದೆಸಿದ ಊರ ಮರ್ಯಾದೆ.

ದೇಹವನ್ನೇ ಸಾಕ್ಷಿಗೆ ಕರೆದಾಗ

ನ್ಯಾಯಾಲಯಗಳು ಹೆಣ್ಣಿನ ದೇಹವನ್ನು ಸಾಕ್ಷಿಯನ್ನಾಗಿ ಕರೆದವು, ಆದರೆ ಅದರ ಭಾಷೆಯನ್ನು ಅರ್ಥ ಮಾಡಿಕೊಳ್ಳಲಿಲ್ಲ. 1972ರ ಮಥುರಾ ಪ್ರಕರಣದಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯ ಮೇಲೆ ನಡೆದ ಕೃತ್ಯದಲ್ಲಿ ಸುಪ್ರೀಂ ಕೋರ್ಟು ಆರೋಪಿ ಪೊಲೀಸರನ್ನು ಬಿಟ್ಟಿತು. ಅವಳ ಮೈಮೇಲೆ ಗಾಯವಿರಲಿಲ್ಲ, ಪ್ರತಿಭಟಿಸಿದ ಗುರುತಿರಲಿಲ್ಲ ಎಂಬುದು ಕಾರಣ. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿರುವುದೆಂದರೆ ಒಪ್ಪಿಗೆಯೇ ಎಂದು ದೇಶವೇ ಕೇಳಿತು. 1983ರ ತಿದ್ದುಪಡಿ ಬಂದದ್ದು ಹಾಗೆ.

ಆದರೂ ‘ಎರಡು ಬೆರಳಿನ ಪರೀಕ್ಷೆ’ ಉಳಿಯಿತು. ಬಲಾತ್ಕಾರಕ್ಕೊಳಗಾಗಿ ಬಂದವಳನ್ನು ಆಸ್ಪತ್ರೆಯ ಮೇಜಿನ ಮೇಲೆ ಮತ್ತೊಮ್ಮೆ ಅದೇ ಭಯಕ್ಕೆ ಒಡ್ಡುವ ಪರೀಕ್ಷೆ ಅದು. ಸುಪ್ರೀಂ ಕೋರ್ಟು 2013ರಲ್ಲಿ ಅದು ಅವಳ ಘನತೆಯ ಉಲ್ಲಂಘನೆ ಎಂದಿತು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಅದನ್ನು ಕೈಬಿಡಲು ಹೇಳಿತು. 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ, ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಎಚ್ಚರಿಸಬೇಕಾಯಿತು.

ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ 2020ರ ಜೂನ್‌ನಲ್ಲಿ ಒಂದು ಜಾಮೀನು ಆದೇಶ ಸುದ್ದಿಯಾಯಿತು. ಕೃತ್ಯದ ನಂತರ ತಾನು ದಣಿದು ನಿದ್ದೆಹೋದೆ ಎಂದು ದೂರುದಾರಳು ಹೇಳಿದ್ದಳು. ಭಾರತೀಯ ಸ್ತ್ರೀ ಹಾಗೆ ನಡೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತು ಆದೇಶದಲ್ಲಿತ್ತು. ಟೀಕೆ ಬಂದ ಮೇಲೆ ಆ ಮಾತನ್ನು ತೆಗೆಯಲಾಯಿತು. ಆದರೆ ಅಂಥ ಮಾತು ಮೂಡಲು ಕಾರಣವಾದ ನಂಬಿಕೆ ಆ ನ್ಯಾಯಪೀಠಕ್ಕೆ ಮಾತ್ರ ಸೇರಿದ್ದಲ್ಲ. ಕಿರುಚಬೇಕಿತ್ತು, ಓಡಬೇಕಿತ್ತು, ಅಳಬೇಕಿತ್ತು ಎಂದು ನಮ್ಮ ಜಗಲಿಗಳಲ್ಲೂ ಹೇಳುತ್ತಾರೆ. ವಿಪರೀತ ಭಯದಲ್ಲಿ ಮೈ ಮರಗಟ್ಟುವುದು ಸ್ವಾಭಾವಿಕ, ಆ ನಂತರ ಕವಿಯುವ ದಣಿವೂ ಸ್ವಾಭಾವಿಕ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತು.

ವೈದ್ಯರು ಕಂಡದ್ದು

1974ರಲ್ಲಿ ಅಮೆರಿಕದ ಆನ್ ಬರ್ಜೆಸ್ ಎಂಬ ದಾದಿ ಮತ್ತು ಲಿಂಡಾ ಹೋಮ್‌ಸ್ಟ್ರಾಂ ಎಂಬ ಸಮಾಜಶಾಸ್ತ್ರಜ್ಞೆ ಬೋಸ್ಟನ್ನಿನ ಆಸ್ಪತ್ರೆಗೆ ಅತ್ಯಾಚಾರದ ನಂತರ ಬಂದ ಸ್ತ್ರೀಯರನ್ನು ಒಂದು ವರ್ಷ ಕಾಲ ಮಾತಾಡಿಸಿ, ಮತ್ತೆ ಮತ್ತೆ ವಿಚಾರಿಸಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಹೊಸ ದಾರಿ ತೆರೆಯಿತು. ಆಘಾತಕ್ಕೆ ಎರಡು ಹಂತಗಳಿವೆ ಎಂದು ಅವರು ತೋರಿಸಿದರು. ಮೊದಲಿನದು ದಿನಗಳ, ವಾರಗಳ ತಳಮಳ. ಎರಡನೆಯದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬದುಕನ್ನು ಮರಳಿ ಕಟ್ಟಿಕೊಳ್ಳುವ ಕಷ್ಟ. 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಮನೋವೈದ್ಯರ ಪಟ್ಟಿಗೆ ಸೇರಿತು. 1986ರಲ್ಲಿ ಜುಡಿತ್ ಬೆಕರ್ ಮತ್ತು ಸಂಗಡಿಗರು ಅತ್ಯಾಚಾರದಿಂದ ಬದುಕುಳಿದ ಸ್ತ್ರೀಯರ ದಾಂಪತ್ಯ ಸುಖದ ಬಗ್ಗೆಯೇ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಇತ್ತು. ಅಂಥ ಅನುಭವವಿಲ್ಲದ ಸ್ತ್ರೀಯರಲ್ಲಿ ಅದರ ಪ್ರಮಾಣ ತೀರ ಕಡಿಮೆ.

ಆ ತೊಂದರೆಗಳು ಯಾವುವು? ಭಯ, ಆಸೆಯೇ ಹುಟ್ಟದಿರುವುದು, ಮೈ ಸ್ಪಂದಿಸದಿರುವುದು. ಸ್ಪರ್ಶವಾದೊಡನೆ ಸ್ನಾಯುಗಳು ಅವಳ ಇಚ್ಛೆಯನ್ನು ಕೇಳದೆ ಬಿಗಿದುಕೊಳ್ಳುವುದು, ಅದರಿಂದ ನೋವು. ಒಂದು ಸೆಂಟಿನ ವಾಸನೆ, ಬೀಡಿಯ ಹೊಗೆ, ಹಿಂದಿನಿಂದ ಬಿದ್ದ ಕೈ ಎಂದೋ ನಡೆದದ್ದನ್ನು ಈಗಲೇ ನಡೆಯುತ್ತಿರುವಂತೆ ಕಣ್ಣೆದುರು ತರುವುದು. ಕೆಲವರಿಗೆ ಆ ಹೊತ್ತಿನಲ್ಲಿ ತಾನು ತನ್ನ ದೇಹದಲ್ಲೇ ಇಲ್ಲ, ಮಾಡಿನಿಂದ ಯಾರನ್ನೋ ನೋಡುತ್ತಿದ್ದೇನೆ ಎಂದು ಅನಿಸುತ್ತದೆ. ಇನ್ನು ಕೆಲವರನ್ನು ಸುಡುವುದು ತಪ್ಪಿತಸ್ಥ ಭಾವ. ಬಲಾತ್ಕಾರದ ನಡುವೆ ದೇಹ ತಾನಾಗಿ ಸ್ಪಂದಿಸಿದ್ದರೆ, ನನಗೂ ಅದು ಬೇಕಿತ್ತೇ ಎಂಬ ಪ್ರಶ್ನೆ ಜೀವಮಾನವಿಡೀ ಕಾಡುತ್ತದೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಅದು ದುಃಖವಲ್ಲ. ಅದೂ ಹಾಗೆಯೇ, ಒಪ್ಪಿಗೆಯಲ್ಲ.

ನಮ್ಮ ಊರಿನವರು ‘ಸೋಂಕು’ ಎಂದು ಕರೆದದ್ದು ಇದನ್ನೇ. ಲಕ್ಷಣವನ್ನು ಅವರು ಸರಿಯಾಗಿ ಕಂಡಿದ್ದರು, ಕಾರಣವನ್ನು ಕಾಣಲಿಲ್ಲ. ಕಾರಣ ಮರದ ಮೇಲಿನ ಕುಲೆಯಲ್ಲ, ಎರಡು ಕಾಲಿನ ಮನುಷ್ಯ. ಇದು ಗುಣವಾಗದ ಕಾಯಿಲೆಯೂ ಅಲ್ಲ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಬಿಗಿದ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ವ್ಯಾಯಾಮವಿದೆ, ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ನಡೆಸುವ ಸಮಾಲೋಚನೆ ಇದೆ. ಅಲ್ಲೆಲ್ಲ ಮೂಲ ಸೂತ್ರ ಒಂದೇ: ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ಅವಳೇ ನಿರ್ಧರಿಸಬೇಕು. ಬೇಡ ಎಂದಾಗ ನಿಲ್ಲಬೇಕು. ಅಂದು ಅವಳಿಂದ ಕಸಿದುಕೊಂಡದ್ದು ಅದೇ ಅಧಿಕಾರವಲ್ಲವೇ? ಮರಳಿ ಕೊಡಬೇಕಾದದ್ದೂ ಅದನ್ನೇ.

ಮರಳಿ ಬರಲು ಒಂದು ಮನೆ

ಈ ನಾಡಿನ ಚರಿತ್ರೆಯಲ್ಲಿ ಹೆಣ್ಣಿಗೆ ಮರಳಿ ಬರಲು ಮನೆಯಿದ್ದ ಕಾಲವೂ ಇತ್ತು. ಬಂಟರು, ಬಿಲ್ಲವರು, ಇಲ್ಲಿನ ಹಲವು ಜೈನ ಮನೆತನಗಳು ಪಾಲಿಸಿದ ಅಳಿಯಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಬಾಳು ಸರಿಹೋಗದಿದ್ದರೆ ಹೆಣ್ಣು ತನ್ನ ತರವಾಡಿಗೆ ಹಕ್ಕಿನಿಂದಲೇ ಮರಳುತ್ತಿದ್ದಳು. ಮೂಡುಬಿದಿರೆಯ ಚೌಟ ಮನೆತನದ, ಉಳ್ಳಾಲದ ರಾಣಿ ಅಬ್ಬಕ್ಕ ಗಂಡ ಬಂಗರಸನನ್ನು ತೊರೆದು ತನ್ನ ನೆಲಕ್ಕೆ ಬಂದು ಆಳಿದಳು ಎಂದು ಜನ ಇಂದಿಗೂ ನೆನೆಯುತ್ತಾರೆ. ಆ ವ್ಯವಸ್ಥೆಯನ್ನು ನಾವು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ. ಆದರೆ ತವರಿನ ಬಾಗಿಲು ತೆರೆದಿದೆ ಎಂಬ ಧೈರ್ಯ ಗಾಯಗೊಂಡವಳಿಗೆ ಮೊದಲ ಮದ್ದು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಬರೆದರು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂದ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ, ಗಂಡನನ್ನು ಮರಳಿ ಪಡೆಯಲು ಪರಪುರುಷನೊಬ್ಬನ ಜೊತೆ ಒಂದು ರಾತ್ರಿಯ ಮದುವೆಗೆ ಒಡ್ಡಲ್ಪಟ್ಟವಳು. ಅವಳು ಮಸೀದಿಯ ಕೆರೆಯನ್ನು ಆರಿಸಿಕೊಂಡಳು. ‘ವಜ್ರಗಳು’ ಕಾದಂಬರಿಯಲ್ಲಿ ಎಳವೆಯಲ್ಲೇ ಮದುವೆಯಾದ ನಫೀಸಾಳ ಮೂಲಕ, ನಿಕಾಹ್ ಎಂಬ ಹೆಸರಿದ್ದರೂ ಬಲಾತ್ಕಾರ ಬಲಾತ್ಕಾರವೇ ಎಂದು ಅವರು ತೋರಿಸಿದರು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮ್ಮೇಳನದಲ್ಲಿ ಅವರ ಮಾತಿಗೆ ಅಡ್ಡಿಪಡಿಸಿದವರು ನಮ್ಮವರೇ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಶ್ರದ್ಧಾಂಜಲಿ ಬರೆದೆವು. ಅವರ ಪುಸ್ತಕ ಎಷ್ಟು ಮನೆಗಳ ಕಪಾಟಿನಲ್ಲಿದೆ ಎಂದು ಕೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಗೌರವ.

ಅವರು ಎತ್ತಿದ ಪ್ರಶ್ನೆಗೆ ಕಾನೂನು ಇನ್ನೂ ಪೂರ್ತಿ ಉತ್ತರಿಸಿಲ್ಲ. 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ ವಿವಾಹದೊಳಗಿನ ಅತ್ಯಾಚಾರಕ್ಕಿರುವ ವಿನಾಯಿತಿ ತೆಗೆಯಿರಿ ಎಂದಿತು. ಸರ್ಕಾರ ಒಪ್ಪಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, 18ರ ಒಳಗಿನ ಹೆಂಡತಿಯ ಮಟ್ಟಿಗೆ ಆ ವಿನಾಯಿತಿ ಸಲ್ಲದು ಎಂದಿತು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟು, ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧದ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿತು. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಗೆ ತಡೆ ನೀಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 18 ದಾಟಿದ ಹೆಂಡತಿಯ ವಿಷಯದಲ್ಲಿ ವಿನಾಯಿತಿ ಹಾಗೇ ಉಳಿದಿದೆ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಸುಮಾರು ಶೇ. 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ನಮ್ಮದಕ್ಕಿಂತ ಒಳ್ಳೆಯದೆಂದು ನಾವು ಭಾವಿಸುವ ಮನೆಗಳೂ ಈ ಲೆಕ್ಕದೊಳಗೇ ಇವೆ.

ನಮ್ಮ ಪಾಲಿನ ಕೆಲಸ

ಹಾಗಾದರೆ ಏನು ಮಾಡೋಣ? ಮೊದಲು, ಅವಳು ಹೇಳಿದರೆ ನಂಬೋಣ. ಯಾಕೆ ಹೋದೆ, ಯಾಕೆ ಕಿರುಚಲಿಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ನುಂಗಿಕೊಳ್ಳೋಣ. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಎಂಬುದು 2013ರಿಂದ ಕಾನೂನು. 181 ಮಹಿಳಾ ಸಹಾಯವಾಣಿಯ ಸಂಖ್ಯೆ. ಮನಸ್ಸಿನ ಆರೋಗ್ಯಕ್ಕೆಂದು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳದೆಯೂ ಮಾತಾಡಬಹುದು. ಘಟನೆ ನಡೆದು ಹತ್ತು ವರ್ಷವಾಗಿದ್ದರೂ ಚಿಕಿತ್ಸೆಗೆ ತಡವಾಗಿಲ್ಲ.

ನೂಲು ಕಟ್ಟುವ ಉಸ್ತಾದರಿಗೂ, ಪ್ರಶ್ನೆ ಇಡುವ ಜೋಯಿಸರಿಗೂ ನಮ್ಮದೊಂದು ವಿನಂತಿ ಇದೆ. ಜನ ನಿಮ್ಮ ಬಳಿಗೆ ಮೊದಲು ಬರುತ್ತಾರೆ, ವೈದ್ಯರ ಬಳಿಗಲ್ಲ. ದುಆ ಮಾಡಿ, ಪ್ರಾರ್ಥಿಸಿ, ಬೇಡ ಎನ್ನುವುದಿಲ್ಲ. ಜೊತೆಗೆ ಆ ಹುಡುಗಿಯನ್ನು ಒಬ್ಬ ವೈದ್ಯೆಯ ಬಳಿಗೆ ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ಒಂದು ಮಾತು ಹೇಳಿ. ನಿಮ್ಮ ಆ ಒಂದು ಮಾತಿಗೆ ಈ ಊರಿನಲ್ಲಿರುವ ಬೆಲೆ ನಮ್ಮ ಹತ್ತು ಲೇಖನಗಳಿಗಿಲ್ಲ.

ಗಂಡಂದಿರಿಗೆ ಹೇಳುವುದೂ ಹೆಚ್ಚೇನಿಲ್ಲ. ಗುಡ್ಡೆಯ ಬದಿಯಲ್ಲಿ ನಾಚಿಕೆ ಮುಳ್ಳನ್ನು ಮುಟ್ಟಿ ಆಡದ ಮಕ್ಕಳು ನಮ್ಮ ಕಡೆ ಇಲ್ಲ. ಮುದುಡಿದ ಎಲೆಯನ್ನು ಬೆರಳಿನಿಂದ ಬಿಡಿಸಲು ಹೋದರೆ ಅದು ಹರಿಯುತ್ತದೆ, ಕೈಗೆ ಮುಳ್ಳೂ ಚುಚ್ಚುತ್ತದೆ. ಕೈ ಹಿಂದೆಗೆದು ಪಕ್ಕದಲ್ಲಿ ಕುಳಿತರೆ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಅರಳುತ್ತದೆ. ಎಷ್ಟು ಹೊತ್ತು ಎಂಬುದು ಗಿಡಕ್ಕೆ ಬಿಟ್ಟದ್ದು.